ಅಮೆರಿಕದ ನಗರಗಳಲ್ಲಿ ಖಾಲಿ ಅಂಗಡಿಗಳು ಚರ್ಚ್ ಆಗುವುದು ಯಾಕೆ?

ಮೊದಲ ಕಾರಣ ಬಾಡಿಗೆ. ಗಿರಾಕಿ ಇಲ್ಲದ ಬೀದಿಯಲ್ಲಿ ಅಂಗಡಿ ಅಗ್ಗಕ್ಕೆ ಸಿಗುತ್ತದೆ. ಕಟ್ಟಡ ಕಟ್ಟುವ ಗೋಜಿಲ್ಲ. ಮಡಚುವ ಕುರ್ಚಿಗಳು, ಒಂದು ಪಿಯಾನೊ ಇದ್ದರೆ ಭಾನುವಾರದ ಪ್ರಾರ್ಥನೆ ಶುರು. ಇಂಥವನ್ನು ಅಲ್ಲಿ ‘ಸ್ಟೋರ್‌ಫ್ರಂಟ್ ಚರ್ಚ್’ ಅನ್ನುತ್ತಾರೆ.

ಆದರೆ ಬಾಡಿಗೆಯೊಂದೇ ಅಲ್ಲ. ಸುಮಾರು 1910ರಿಂದ 1970ರವರೆಗೆ 60 ಲಕ್ಷದಷ್ಟು ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಚಿಕಾಗೋ, ಡೆಟ್ರಾಯಿಟ್, ನ್ಯೂಯಾರ್ಕಿನಂಥ ಊರುಗಳಿಗೆ ಬಂದರು. ಅಲ್ಲಿನ ದೊಡ್ಡ ಚರ್ಚುಗಳು ಆಗಲೇ ತುಂಬಿದ್ದವು. ಜಾಗ ಸಿಕ್ಕರೂ ಅಲ್ಲಿನ ಬಿಗಿ ಶಿಸ್ತು, ಓದು ಕಲಿತವರ ಠೀವಿ ಹಳ್ಳಿಯಿಂದ ಬಂದ ಎಷ್ಟೋ ಜನಕ್ಕೆ ಒಗ್ಗಲಿಲ್ಲ. ಚಪ್ಪಾಳೆ ತಟ್ಟಿ, ಗಟ್ಟಿಯಾಗಿ ಹಾಡಿ, ಮೈಮರೆತು ಕುಣಿಯುವ ಪ್ರಾರ್ಥನೆ ಅವರಿಗೆ ಬೇಕಿತ್ತು. ಅದು ಸಿಕ್ಕಿದ್ದು ಈ ಪುಟ್ಟ ಚರ್ಚುಗಳಲ್ಲಿ. ಎಷ್ಟೋ ಕಡೆ ಪಾಸ್ಟರ್ ಕೂಡ ವಾರವಿಡೀ ಬೇರೆ ಕೆಲಸ ಮಾಡುವವರೇ. ದೊಡ್ಡ ಚರ್ಚುಗಳಲ್ಲಿ ಪ್ರವಚನಕ್ಕೆ ಅವಕಾಶ ಸಿಗದ ಹೆಂಗಸರೂ ಇಲ್ಲಿ ಪಾಸ್ಟರ್ ಆದರು. ನನಗೆ ಬಾಡಿಗೆಗಿಂತ ಇದೇ ದೊಡ್ಡ ವಿಷಯ ಅನಿಸುತ್ತದೆ.

ಮುಂದೆ ಮಾಲ್‌ಗಳು ಬಂದವು, ಕಾರ್ಖಾನೆಗಳು ಮುಚ್ಚಿದವು, ಇನ್ನಷ್ಟು ಅಂಗಡಿ ಖಾಲಿಯಾದವು. ಈಗ ಸ್ಪ್ಯಾನಿಷ್ ಮಾತಾಡುವ ವಲಸಿಗರೂ ಹೀಗೇ ಚರ್ಚ್ ಶುರು ಮಾಡುತ್ತಾರೆ.

ನಗರಾಡಳಿತಗಳಿಗೆ ತಕರಾರು ಇದೆ. ವಾರವೆಲ್ಲ ಬಾಗಿಲು ಮುಚ್ಚಿದ್ದರೆ ಬೀದಿ ಕಳೆ ಕಳೆದುಕೊಳ್ಳುತ್ತದೆ. ಚರ್ಚೇ ಕಟ್ಟಡ ಕೊಂಡರೆ ಸಾಮಾನ್ಯವಾಗಿ ಆಸ್ತಿ ತೆರಿಗೆಯೂ ಬರುವುದಿಲ್ಲ. ಹಾಗಂತ ಸುಮ್ನೆ ತಡೆಯುವಂತಿಲ್ಲ. ಜನ ಸೇರುವ ಬೇರೆ ಸಂಸ್ಥೆಗಳಿಗಿಂತ ಚರ್ಚನ್ನು ಕೀಳಾಗಿ ನೋಡಬಾರದು ಎಂದು 2000ದ ಕೇಂದ್ರ ಕಾನೂನು ಹೇಳುತ್ತದೆ.