ಘಾಟಿ ಓಡಿಸಿದವರಿಗೆ ನ್ಯೂಜಿಲೆಂಡಿನಲ್ಲಿ ಮೋಟರ್‌ಹೋಮ್ ಓಡಿಸೋದು ಕಷ್ಟವಾ?

ನೀವು ಕುಮಟಾದವರು, ದೇವಿಮನೆ ಘಾಟಿಯಲ್ಲಿ ವಾರಕ್ಕೆರಡು ಸಲ ಕಾರು ಹತ್ತಿಸಿ ಇಳಿಸುತ್ತೀರಿ. ಅಪ್ಪ ಅಮ್ಮನನ್ನು ಕರೆದುಕೊಂಡು ನ್ಯೂಜಿಲೆಂಡಿನಲ್ಲಿ ಮೋಟರ್‌ಹೋಮ್, ಅಂದರೆ ಒಳಗೇ ಹಾಸಿಗೆ, ಒಲೆ, ಪಾಯಖಾನೆ ಇರುವ ಗಾಡಿ, ಓಡಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಓಡಿಸಬಹುದು. ನಾನು ಶಿರಸಿಯವನು. ಆಯಿ, ಅಪ್ಪನ ಜೊತೆ ಹನ್ನೆರಡು ದಿನ ಅಲ್ಲಿನ ದಕ್ಷಿಣ ದ್ವೀಪ ಸುತ್ತಿ ಬಂದೆ.

ಅಲ್ಲೂ ಎಡಗಡೆಯೇ ಓಡಿಸೋದು. ಇಂಗ್ಲಿಷಿನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ. ಆದರೂ ಆರ್‌ಟಿಓದಲ್ಲಿ 1000 ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ. ಬಾಡಿಗೆಯವರು ಕೇಳಿದರೆ ತೋರಿಸಬಹುದು. ಊರಾಚೆ ವೇಗದ ಮಿತಿ ಸಾಮಾನ್ಯವಾಗಿ 100 ಕಿ.ಮೀ. ಭಾರದ ಗಾಡಿಗೆ 90, ಹಿಂದೆ ಟ್ರೇಲರ್ ಕಟ್ಟಿದರೂ 90. ನಾನು 80 ದಾಟಲಿಲ್ಲ. ಹಿಂದೆ ಕಾರುಗಳ ಸಾಲಾದರೆ ಜಾಗ ಸಿಕ್ಕಲ್ಲಿ ಬದಿಗೆ ಸರಿದು ದಾರಿ ಬಿಡಬೇಕು. ನಮ್ಮವರ ಹಾಗೆ ಹಾರನ್ ಹೊಡೆದು ಯಾರೂ ನೆನಪಿಸೋದಿಲ್ಲ, ಕನ್ನಡಿ ನೀವೇ ನೋಡುತ್ತಿರಬೇಕು.

ಆ ದ್ವೀಪದ ಪಶ್ಚಿಮ ಕರಾವಳಿಯ ಹೆದ್ದಾರಿ 6ರಲ್ಲಿ ಒಂದೇ ಗಾಡಿ ಹಿಡಿಯುವ ಸೇತುವೆಗಳು ತುಂಬಾ ಇವೆ. ಬೋರ್ಡಿನಲ್ಲಿ ನಿಮ್ಮ ಕಡೆಯ ಬಾಣ ಸಣ್ಣದು, ಕೆಂಪು ಇದ್ದರೆ ನೀವೇ ಕಾಯಬೇಕು. ಮೊದಲು ನುಗ್ಗಿದವನೇ ಗೆದ್ದ ಎನ್ನುವ ನಮ್ಮೂರ ನಿಯಮ ಮರೆತುಬಿಡಿ.

ಗಾಡಿಯ ಉದ್ದಕ್ಕೆ ಮಾತ್ರ ಹೆದರಿ. ಹಿಂದಿನ ಚಕ್ರ ದಾಟಿದ ಮೇಲೂ ಗಾಡಿಯ ಮೈ ಹಿಂದಕ್ಕೆ ಚಾಚಿಕೊಂಡಿರುತ್ತದೆ. ಬಲಕ್ಕೆ ಜೋರಾಗಿ ತಿರುಗಿಸಿದರೆ ಅದರ ಬಾಲ ಎಡಕ್ಕೆ ಬೀಸುತ್ತದೆ. ಎರಡನೇ ದಿನವೇ ಪೆಟ್ರೋಲ್ ಬಂಕಿನ ಕಸದ ಡಬ್ಬಿಗೆ ತಾಗಿಸಿದೆ. ಅಪ್ಪ ಇಳಿದು ನೋಡಿ, 'ಎಮ್ಮೆ ಕೊಟ್ಟಿಗೆಯಿಂದ ಹೊರಗೆ ಬರುವಾಗ ಹೀಗೇ' ಅಂದರು. ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿ. ಚಾವಣಿಗಾದ ಪೆಟ್ಟು ಎಷ್ಟೋ ಬಾಡಿಗೆ ಕರಾರುಗಳಲ್ಲಿ ವಿಮೆಗೆ ಬರೋದಿಲ್ಲ, ಸಹಿ ಹಾಕುವ ಮೊದಲು ಓದಿ.

ನಿಜವಾದ ತಲೆನೋವು ಗಾಡಿಯೊಳಗಿನ ಮನೆ. ಒಲೆಯಿಂದ ಎರಡೇ ಹೆಜ್ಜೆಗೆ ಪಾಯಖಾನೆ. ಆಯಿ ಬಾಗಿಲು ತೆಗೆದು ನೋಡಿ, 'ಇದರ ಪಕ್ಕ ನಾನು ಅನ್ನ ಮಾಡ್ತಿಲ್ಲೆ' ಅಂದಳು. ಅದರ ಕೆಳಗೆ ಸೂಟ್‌ಕೇಸಿನಂಥ ಪೆಟ್ಟಿಗೆ ಇರುತ್ತದೆ. ತುಂಬಿದಾಗ ಗಾಡಿಯ ಹೊರಗಿನ ಸಣ್ಣ ಬಾಗಿಲಿಂದ ಎಳೆದು, ಡಂಪ್ ಸ್ಟೇಷನ್‌ನಲ್ಲಿ (ಇಂಥ ಗಾಡಿಗಳ ಕೊಳಕು ಸುರಿಯಲೆಂದೇ ಇರುವ ಜಾಗ) ಸುರಿದು, ತೊಳೆದು, ನೀಲಿ ದ್ರವ ಹಾಕಿ ಮತ್ತೆ ಕೂರಿಸಬೇಕು. ಸುರಿಯುವಾಗ ಗಾಳಿ ಹೋಗುವ ಗುಂಡಿ ಒತ್ತದಿದ್ದರೆ ಗಳಗಳ ಎಂದು ಕಾಲಿಗೆ ಸಿಡಿಯುತ್ತದೆ. ಇದು ಅನುಭವದ ಮಾತು. ಕೊನೆಗೆ ನಾವು ಶೌಚಾಲಯ ಇರುವ ಕ್ಯಾಂಪ್‌ಸೈಟುಗಳಲ್ಲೇ ಉಳಿದೆವು, ಗಾಡಿಯೊಳಗಿನದಕ್ಕೆ ಬೀಗ. ಆದರೂ ಅದಿಲ್ಲದ ಗಾಡಿ ತಗೊಳ್ಳಬೇಡಿ. ಪುಕ್ಕಟೆ ಉಳಿಯಲು ಬಿಡುವ ಜಾಗಗಳಲ್ಲಿ ಹೆಚ್ಚಿನ ಕಡೆ 'ಸೆಲ್ಫ್ ಕಂಟೇನ್ಡ್', ಅಂದರೆ ನೀರು, ಶೌಚದ ವ್ಯವಸ್ಥೆ ಗಾಡಿಯಲ್ಲೇ ಇದೆ ಎನ್ನುವ ಪ್ರಮಾಣಪತ್ರ ಇರುವ ಗಾಡಿಯೇ ಬೇಕು. 2023ರ ಕಾನೂನಿನಂತೆ ಆ ಪತ್ರಕ್ಕೆ ಪಾಯಖಾನೆ ಗಾಡಿಗೇ ಕೂರಿಸಿದ್ದಾಗಿರಬೇಕು, ಎತ್ತಿಡುವಂಥದ್ದು ನಡೆಯೋದಿಲ್ಲ.

ಮಿಕ್ಸರ್ ಒಯ್ಯುತ್ತೀರಾದರೆ, ಬ್ಯಾಟರಿ ಮೇಲೆ ದೀಪ, ಫ್ರಿಜ್ಜು ನಡೆಯುತ್ತವೆ, ಮಿಕ್ಸರ್ ತಿರುಗೋದಿಲ್ಲ. ಕರೆಂಟ್ ಕೊಡುವ ಸೈಟಿಗೆ ಕೇಬಲ್ ಸಿಕ್ಕಿಸಿದ ದಿನ ಮಾತ್ರ ನಮಗೆ ತಂಬುಳಿ.

ಊರಿಂದ ಒಯ್ಯುವ ತಿನಿಸಿನಲ್ಲಿ ಜೇನುತುಪ್ಪ ಮಾತ್ರ ಬೇಡವೇ ಬೇಡ, ಅಲ್ಲಿ ಒಳಗೆ ಬಿಡೋದಿಲ್ಲ. ಉಪ್ಪಿನಕಾಯಿ, ಮಸಾಲೆ ಪುಡಿ, ಏನೇ ತಿಂಡಿ ಇದ್ದರೂ ಪ್ರಯಾಣಿಕರ ಘೋಷಣೆ ಫಾರ್ಮಿನಲ್ಲಿ ಬರೆಯಿರಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ 400 ನ್ಯೂಜಿಲೆಂಡ್ ಡಾಲರ್ ದಂಡ. ನಮ್ಮ ಅಪ್ಪೆಮಿಡಿ ಬಾಟಲಿಯನ್ನು ಅಲ್ಲಿ ತಪಾಸಣೆಗಿದ್ದ ಹೆಣ್ಣುಮಗಳು ಬೆಳಕಿಗೆ ಹಿಡಿದು ಎರಡು ಸಲ ತಿರುಗಿಸಿ ನೋಡಿ ಬಿಟ್ಟಳು. ಅಷ್ಟು ಹೊತ್ತೂ ಆಯಿ ನನ್ನ ಅಂಗಿ ತೋಳು ಹಿಡಿದೇ ನಿಂತಿದ್ದಳು.