ಪುಟ್ಟ ಮಕ್ಕಳೊಂದಿಗೆ ಧಾರವಾಡದಿಂದ ಬೆಂಗಳೂರಿಗೆ ಕಾರಿನಲ್ಲಿ

ಪ್ರಶ್ನೆ: ಮೇ ತಿಂಗಳಲ್ಲಿ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಕಾರಿನಲ್ಲಿ ಬೆಂಗಳೂರಿಗೆ ಹೊರಟಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಒಂಬತ್ತು ತಿಂಗಳು. ಮಗಳಿಗೆ ಕಾರು ಹತ್ತಿದ ಅರ್ಧ ತಾಸಿನಲ್ಲೇ ವಾಂತಿ ಶುರುವಾಗುತ್ತದೆ. ರಾತ್ರಿ ಹೊರಟರೆ ಮಕ್ಕಳು ಮಲಗಿಬಿಡುತ್ತಾರೆ, ಕೂಸನ್ನು ನಾನು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ ಎನ್ನುತ್ತಾರೆ ಅತ್ತೆಯವರು. ಕಾರು ನಡೆಸುವವರು ನಮ್ಮ ಯಜಮಾನರೊಬ್ಬರೇ. ಏನು ಮಾಡಬೇಕು?
– ಓದುಗರೊಬ್ಬರು, ಧಾರವಾಡ

ಉತ್ತರ: ಅತ್ತೆಯವರ ಅಕ್ಕರೆಯನ್ನು ಗೌರವಿಸುತ್ತಲೇ ಹೇಳಬೇಕಾದ ಮಾತಿದು: ಚಲಿಸುವ ಕಾರಿನಲ್ಲಿ ಯಾರ ತೊಡೆಯೂ ಕೂಸಿಗೆ ಸುರಕ್ಷಿತ ಜಾಗವಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಗಟ್ಟಿಯಾದ ವಸ್ತುವಿಗೆ ಬಡಿದರೆ, ಎಂಟು ಕಿಲೋ ತೂಗುವ ಮಗು ಆ ಕ್ಷಣಕ್ಕೆ ನೂರು ಕಿಲೋ ಮೀರಿದ ಭಾರದೊಡನೆ ಮುಂದಕ್ಕೆ ಚಿಮ್ಮುತ್ತದೆ. ಎಷ್ಟೇ ಬಿಗಿಯಾಗಿ ಅಪ್ಪಿಕೊಂಡಿದ್ದರೂ ಅದನ್ನು ತಡೆಯುವ ಶಕ್ತಿ ಮನುಷ್ಯರ ತೋಳಿಗಿಲ್ಲ. ಮಗನಿಗೆ ಹಿಂಬದಿಗೆ ಮುಖವಿರುವ ಮಕ್ಕಳ ಆಸನವನ್ನು ಹಿಂದಿನ ಸೀಟಿನಲ್ಲೇ ಕಟ್ಟಿಸಿ. ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಅದನ್ನು ಎಂದಿಗೂ ಇಡಬಾರದು. ಪಟ್ಟಿ ಬಿಗಿದ ಮೇಲೆ ಹೆಗಲಿನ ಬಳಿ ಎರಡು ಬೆರಳಿನಿಂದ ಚಿವುಟಿ ನೋಡಿ. ಪಟ್ಟಿ ಮಡಿಕೆಯಾಗಿ ಬೆರಳಿಗೆ ಸಿಕ್ಕರೆ ಅದು ಸಡಿಲವಾಗಿದೆ ಎಂದರ್ಥ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಕಲ್ಲಿನ ಲೋಹ ಚರ್ಮ ಸುಡುವಷ್ಟು ಕಾಯುತ್ತದೆ, ಮೊದಲು ನೀವೇ ಮುಟ್ಟಿ ನೋಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮು 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟಿನಿಂದಾಗಲಿ ಮಕ್ಕಳ ಆಸನದಿಂದಾಗಲಿ ಭದ್ರಪಡಿಸದಿದ್ದರೆ 1,000 ರೂಪಾಯಿ ದಂಡ ವಿಧಿಸುತ್ತದೆ.

ಮಗಳಿಗೂ ಅವಳ ವಯಸ್ಸು, ತೂಕಕ್ಕೆ ತಕ್ಕ ಆಸನ ಬೇಕು. ಅದರಿಂದ ವಾಂತಿಯ ತೊಂದರೆಯೂ ಕಡಿಮೆಯಾಗಬಹುದು. ಒಳಗಿವಿ ದೇಹ ಚಲಿಸುತ್ತಿದೆ ಎಂದು ಮಿದುಳಿಗೆ ತಿಳಿಸುತ್ತಿರುವಾಗ, ತಗ್ಗಿನಲ್ಲಿ ಕುಳಿತು ಮುಂದಿನ ಸೀಟಿನ ಬೆನ್ನನ್ನೇ ನೋಡುವ ಮಗುವಿನ ಕಣ್ಣು ಎಲ್ಲವೂ ಸ್ಥಿರವಾಗಿದೆ ಎನ್ನುತ್ತದೆ. ಈ ಗೊಂದಲವೇ ವಾಕರಿಕೆಗೆ ಕಾರಣ. ಆಸನ ಎತ್ತರದಲ್ಲಿದ್ದರೆ ಅವಳಿಗೆ ದೂರದ ಹೊಲ, ಗುಡ್ಡಗಳು ಕಾಣುತ್ತವೆ. ಚಿತ್ರದುರ್ಗದ ಸುತ್ತಲಿನ ಗಾಳಿಯಂತ್ರಗಳನ್ನು ಎಣಿಸಲು ಹೇಳಿ, ಮೊಬೈಲು ಮಾತ್ರ ಕೊಡಬೇಡಿ. ಹೊರಡುವ ಮುನ್ನ ಎಣ್ಣೆಯ ತಿಂಡಿಯೂ ಬೇಡ, ಬರಿಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು. ದೊಡ್ಡವರ ವಾಂತಿ ಮಾತ್ರೆಯನ್ನು ಅರ್ಧ ಮುರಿದು ಕೊಡುವ ರೂಢಿ ಅಪಾಯಕಾರಿ, ಔಷಧಿ ಬೇಕೆನಿಸಿದರೆ ಮಕ್ಕಳ ವೈದ್ಯರನ್ನೇ ಕೇಳಿ. ಚಲಿಸುವ ಕಾರಿನಲ್ಲಿ ಶೇಂಗಾ, ಪುಟಾಣಿ, ಪೆಪ್ಪರಮಿಂಟು ಕೊಟ್ಟರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ.

ರಾತ್ರಿ ಪ್ರಯಾಣವನ್ನು ನಾನು ಒಪ್ಪುವುದಿಲ್ಲ. ಮಕ್ಕಳಿಗೆ ನಿದ್ದೆ ಬರುವ ಹೊತ್ತಿನಲ್ಲೇ ಕಾರು ನಡೆಸುವವರಿಗೂ ನಿದ್ದೆ ಬರುತ್ತದೆ, ಅದರಲ್ಲೂ ನಸುಕಿಗೆ ಮುಂಚಿನ ತಾಸುಗಳಲ್ಲಿ ಕಣ್ಣು ಎಳೆಯುವುದು ಸಹಜ. ನಿಮ್ಮ ಯಜಮಾನರು ರಾತ್ರಿ ಚೆನ್ನಾಗಿ ಮಲಗೆದ್ದು ಬೆಳಿಗ್ಗೆ ಐದಕ್ಕೆ ಹೊರಡಲಿ. ಏಳರ ಸುಮಾರಿಗೆ ಹಾವೇರಿ ಬರುತ್ತದೆ. ಪುರಸಿದ್ಧೇಶ್ವರ ದೇವಸ್ಥಾನದ ಆವರಣದಲ್ಲಿ ಮಗಳು ಮನಸಾರೆ ಓಡಾಡಲಿ, ನೀವು ಅಷ್ಟರಲ್ಲಿ ಕೂಸಿಗೆ ಹಾಲು ಕುಡಿಸಿ. ಕಾರು ಚಲಿಸುವಾಗ ಮಗುವನ್ನು ಆಸನದಿಂದ ತೆಗೆದು ಹಾಲು ಕುಡಿಸಬಾರದು, ಅದು ಎಷ್ಟೇ ಅತ್ತರೂ ಕಾರು ನಿಲ್ಲಿಸಿಯೇ ಎತ್ತಿಕೊಳ್ಳಿ. ಮುಂದೆ ಚಿತ್ರದುರ್ಗದಲ್ಲಿ ನಾಷ್ಟಾ, ಶಿರಾದಲ್ಲಿ ಇನ್ನೊಂದು ನಿಲುಗಡೆ. ಕೂಸು ಎರಡು ತಾಸಿಗಿಂತ ಹೆಚ್ಚು ಹೊತ್ತು ಆಸನದಲ್ಲೇ ಮುದುಡಿ ಕೂರುವುದು ಒಳ್ಳೆಯದಲ್ಲ. ನಿಂತಲ್ಲಿ ಐದೇ ನಿಮಿಷದ ಕೆಲಸವೆಂದು ಮಲಗಿದ ಮಕ್ಕಳನ್ನು ಕಾರಿನಲ್ಲೇ ಬಿಟ್ಟು ಇಳಿಯಬೇಡಿ. ಮೇ ತಿಂಗಳ ಬಿಸಿಲಿಗೆ ಒಳಗಿನ ಕಾವು ಹತ್ತು ನಿಮಿಷದಲ್ಲೇ ಮಗುವಿನ ಜೀವಕ್ಕೆ ಕುತ್ತು ತರುವಷ್ಟು ಏರಬಹುದು.

ನಡುವೆ ಯಜಮಾನರಿಗೆ ಆಯಾಸವೆನಿಸಿದರೆ ಚಿತ್ರದುರ್ಗದಲ್ಲಿ ಒಂದು ರಾತ್ರಿ ತಂಗಿ, ಗೃಹಪ್ರವೇಶದ ಹಿಂದಿನ ದಿನವೇ ಬೆಂಗಳೂರು ಮುಟ್ಟುವಂತೆ ದಿನ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ 1033ಕ್ಕೆ ಕರೆ ಮಾಡಿ. ನೆರವು ಬರುವವರೆಗೆ ಅತ್ತೆಯವರೂ ಮಕ್ಕಳೂ ಕಾರಿನಿಂದ ಇಳಿದು, ರಸ್ತೆಬದಿಯ ತಡೆಬೇಲಿಯ ಆಚೆ, ವಾಹನಗಳಿಂದ ದೂರ ಇರಲಿ.