ತಗಡಿನ ಪಾತ್ರೆಯ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ.

ಕ್ಯಾಂಪಿಗೆ ಬೇಕಾದ ಅಡುಗೆ ಸಾಮಾನನ್ನು ತಗಡಿನಿಂದ ನಾವೇ ಮಾಡಿಕೊಳ್ಳುವುದು ಹೇಗೆ ಅಂತ ನೀವು ಬರೆದ ಲೇಖನವನ್ನು ಎರಡು ಸಲ ಓದಿದೆ. ಒಂದು ದುಂಡು ಪಾತ್ರೆ, ಒಂದು ಆಯತದ ತಟ್ಟೆ, ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳುವಂಥ ಒಂದು ಸೌದೆ ಒಲೆ. ಮೂರನ್ನೂ ನೀವು ನಿಜವಾಗಿ ಮಾಡಿದ್ದೀರಿ ಅಂತ ಓದುವಾಗಲೇ ಗೊತ್ತಾಗುತ್ತದೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಮತ್ತೆ ಕಳಿಸಲಿ ಅನ್ನೋ ಆಸೆ ಇರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಒಲೆ. ಅದಕ್ಕೆ ನೀವು ಜಿ.ಐ. ತಗಡು, ಅಂದರೆ ಲೇಪ ಹಾಕಿದ ಕಬ್ಬಿಣದ ತಗಡು ಬಳಸಿದ್ದೀರಿ. ‘ಮೊದಲ ಸಲ ಬಯಲಲ್ಲಿ ಜೋರಾಗಿ ಉರಿಸಿಬಿಡಿ, ಮೇಲಿನ ಲೇಪ ಸುಟ್ಟುಹೋಗುತ್ತದೆ’ ಅಂತ ಧೈರ್ಯವನ್ನೂ ಹೇಳಿದ್ದೀರಿ. ಈ ಸಾಲನ್ನು ನಾನು ಯಾವ ಕಾರಣಕ್ಕೂ ಅಚ್ಚಾಗಲು ಬಿಡುವುದಿಲ್ಲ. ಆ ಲೇಪ ಸತು. ಸತು ಕರಗುವುದು ಸುಮಾರು 420 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಚೆನ್ನಾಗಿ ಹತ್ತಿದ ಸೌದೆ ಕೆಂಡ ಅದನ್ನು ಸುಲಭವಾಗಿ ದಾಟುತ್ತದೆ. ಆಗ ಬರುವ ಹೊಗೆಯನ್ನು ಉಸಿರಾಡಿದವರಿಗೆ ಕೆಲವು ಗಂಟೆ ಬಿಟ್ಟು ಚಳಿ, ಜ್ವರ, ಮೈಕೈ ನೋವು ಶುರುವಾಗಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ನಿಜ. ಆದರೂ ಓದುಗರ ಕೈಗೆ ಇದನ್ನು ಕೊಡುವುದು ತಪ್ಪು. ಅಡುಗೆ ಪಾತ್ರೆಗಂತೂ ಜಿ.ಐ. ಬೇಡವೇ ಬೇಡ. ಹುಳಿ ಪದಾರ್ಥ ಹಾಕಿದರೆ ಸತು ಅದರೊಳಗೆ ಕರಗುತ್ತದೆ. ಲೇಪ ಇಲ್ಲದ ಕಬ್ಬಿಣದ ತಗಡು ಅಥವಾ ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಒಲೆಯನ್ನು ಇನ್ನೊಮ್ಮೆ ಮಾಡಿ, ಆಮೇಲೆ ಬರೆಯಿರಿ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಹಿಡಿಯಲಿ. ಒಲೆಗೆ ಅದರಿಂದ ದೊಡ್ಡ ತೊಂದರೆ ಇಲ್ಲ.

ಇನ್ನು ದುಂಡು ಪಾತ್ರೆ. ಇಲ್ಲಿ ಎರಡು ತೊಂದರೆ ಇದೆ. ಒಂದು ಲೆಕ್ಕದ್ದು. 12 ಸೆಂ.ಮೀ. ಅಗಲದ ಪಾತ್ರೆಗೆ 37.7 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ ಅಂತ ಬರೆದಿದ್ದೀರಿ. 12ನ್ನು 3.14ರಿಂದ ಗುಣಿಸಿದರೆ ಅಷ್ಟೇ ಬರುತ್ತದೆ, ಸರಿ. ಆದರೆ ಎರಡು ತುದಿಗಳನ್ನು ಒಂದಕ್ಕೊಂದು ಕೊಕ್ಕೆ ಹಾಕಿದ ಹಾಗೆ ಮಡಚಿ ಸೇರಿಸಬೇಕಲ್ವಾ? 5 ಮಿ.ಮೀ. ಅಗಲದ ಮಡಿಕೆಗೆ ಅದರ ಮೂರು ಪಟ್ಟು, ಅಂದರೆ 15 ಮಿ.ಮೀ. ತಗಡು ಬೇಕು. ನಿಮ್ಮ ಅಳತೆಯಲ್ಲಿ ಕತ್ತರಿಸಿದವರಿಗೆ ಸಿಗುವುದು 11.5 ಸೆಂ.ಮೀ. ಅಗಲದ ಪಾತ್ರೆ. ಅದಕ್ಕೆ ಅವರು ಆಗಲೇ ಕತ್ತರಿಸಿಟ್ಟುಕೊಂಡ ತಳ ಕೂರುವುದಿಲ್ಲ. ನೀವು ಮಾಡುವಾಗ ಕಣ್ಣಂದಾಜಿನಲ್ಲಿ ಜಾಸ್ತಿ ಬಿಟ್ಟುಕೊಂಡಿರಬೇಕು. ಕೈ ಸರಿಯಾಗಿ ಮಾಡಿದೆ, ಬರೆಯುವಾಗ ಅದು ಬಿಟ್ಟುಹೋಗಿದೆ.

ಎರಡನೆಯದು ಬೆಸುಗೆ. ತವರ, ಸೀಸ ಬೆರೆತ ಸಾಮಾನ್ಯ ಬೆಸುಗೆಯನ್ನೇ ಹಾಕಿದ್ದೀರಿ. ಸೀಸ ಇರುವ ಬೆಸುಗೆ ಊಟದ ಪಾತ್ರೆಗೆ ಸಲ್ಲದು, ಇಲ್ಲಿ ಚರ್ಚೆಗೆ ಜಾಗ ಇಲ್ಲ. ಸೀಸ ಇಲ್ಲದ ಬೆಸುಗೆಯಾದರೂ 220 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಒಳಗೆ ನೀರು ಇರುವವರೆಗೆ ಪಾತ್ರೆಯ ಬಿಸಿ 100ರ ಹತ್ತಿರವೇ ನಿಲ್ಲುತ್ತದೆ. ನೀರು ಆರಿದ ಮೇಲೆ ಅದನ್ನು ತಡೆಯುವವರು ಯಾರೂ ಇಲ್ಲ. ನಾನು ಮಾಡಿದ ಮೊದಲ ಪಾತ್ರೆಯದ್ದೂ ಬೆಸುಗೆಯೇ. ಹಲವು ಸಲ ನೀರು ಕಾಯಿಸಿದೆ, ಏನೂ ಆಗಲಿಲ್ಲ. ಒಂದು ಸಂಜೆ ಮಾತಿನಲ್ಲಿ ಮರೆತೆ. ಎತ್ತಲು ಹೋದಾಗ ಸುತ್ತಿನ ತಗಡು ಮಾತ್ರ ಕೈಗೆ ಬಂತು, ತಳ ಕೆಂಡದ ಮೇಲೇ ಉಳಿದಿತ್ತು. ಪಕ್ಕದಲ್ಲಿ ಮಕ್ಕಳಿದ್ದರು. ಅದನ್ನು ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ.

ಆದರೆ ನಿಮ್ಮ ತಟ್ಟೆಯ ಭಾಗ ಇದೆಯಲ್ಲ, ಅದನ್ನು ಓದಿ ತುಂಬ ಖುಷಿಯಾಯಿತು. ‘ಮೂಲೆಯನ್ನು ಕತ್ತರಿಸಬೇಡಿ. ಎರಡು ಬದಿ ಏಳುವಾಗ ನಡುವೆ ಉಳಿಯುವ ತಗಡನ್ನು ಹಸುವಿನ ಕಿವಿಯ ಹಾಗೆ ಚಿವುಟಿ, ಬದಿಗೆ ಒರಗಿಸಿ.’ ಓದುತ್ತಾ ಓದುತ್ತಾ ಮೇಜಿನ ಮೇಲಿದ್ದ ರಟ್ಟನ್ನು ತೆಗೆದುಕೊಂಡು ಮಡಚಿಯೇಬಿಟ್ಟೆ. ಮೊದಲ ಸಲಕ್ಕೇ ಬಂತು! ಮಡಚುವ ಗೆರೆ ಎಲ್ಲಿ, ಕೊಡತಿಯಿಂದ ಎಲ್ಲಿ ತಟ್ಟಬೇಕು, ತಗಡು ಎಲ್ಲಿ ಎದುರಾಡುತ್ತದೆ, ಎಲ್ಲವೂ ಅಲ್ಲಿದೆ. ಒಮ್ಮೆ ಬಾಗಿಸಿದ್ದನ್ನು ಹಿಂದಕ್ಕೆ ಮುಂದಕ್ಕೆ ಮಾಡಿದರೆ ಬಿರುಕು ಬಿಡುತ್ತದೆ ಅನ್ನೋದೂ ಇದೆ. ಹೀಗೆ ಬರೆಯಬಲ್ಲ ನೀವು ಪಾತ್ರೆಯ ಹತ್ತಿರ ಬಂದಾಗ ‘ನಂತರ ಎರಡು ತುದಿಗಳನ್ನು ಜೋಡಿಸಿ’ ಅಂತ ಒಂದೇ ಸಾಲಿನಲ್ಲಿ ಯಾಕೆ ಓಡಿದಿರಿ?

ನನಗೆ ಅನ್ನಿಸುವುದು ಹೀಗೆ. ಆ ಜೋಡಣೆ ನಿಮಗೂ ಸರಿಯಾಗಿ ಒಗ್ಗಿಲ್ಲ. ಲೇಖನದ ಕೊನೆಯಲ್ಲಿ ಸುಮ್ನೆ ಹೇಳಿ ಹೋಗಿದ್ದೀರಿ: ‘ರಾತ್ರಿ ಪಾತ್ರೆಗೆ ನೀರು ತುಂಬಿ ಪೇಪರ್ ಮೇಲೆ ಇಟ್ಟೆ. ಬೆಳಿಗ್ಗೆ ಪೇಪರ್ ಒದ್ದೆಯಾಗಿತ್ತು. ಸರಿಪಡಿಸಿದೆ.’ ಹೇಗೆ ಸರಿಪಡಿಸಿದಿರಿ? ಎಷ್ಟು ಸಲ? ಎಲ್ಲಿಂದ ಸೋರಿತು, ಬದಿಯಿಂದಲೋ ತಳದ ಸುತ್ತಿನಿಂದಲೋ? ಮನೆಯಲ್ಲಿ ಪಾತ್ರೆ ಮಾಡುವವರು ಸೋಲುವ ಜಾಗ ಅದೇ. ಆ ಒದ್ದೆ ಪೇಪರ್ ಬಗ್ಗೆ ಒಂದು ಪುಟ ಬರೆಯಿರಿ.

ದುಂಡು ಪಾತ್ರೆ ಸೋರಿದ ಕಥೆ ಇರಲಿ, ಅದನ್ನು ಮಾಡುವ ವಿಧಾನ ಬೇಡ. ಬದಲಿಗೆ ತಟ್ಟೆಯ ಉಪಾಯವನ್ನೇ ಆಳ ಮಾಡಿ ನೋಡಿ. 28 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲದ ಒಂದು ತಗಡು. ನಾಲ್ಕೂ ಕಡೆ 5 ಸೆಂ.ಮೀ. ಮೇಲಕ್ಕೆ ಮಡಚಿದರೆ 18 ಉದ್ದ, 12 ಅಗಲ, 5 ಆಳದ ಪಾತ್ರೆ. ಅಂಚಿನವರೆಗೆ ತುಂಬಿದರೆ ಸುಮಾರು 1 ಲೀಟರ್ ಹಿಡಿಯುತ್ತದೆ. ಒಂದೊಂದು ಕಿವಿ 5 ಸೆಂ.ಮೀ. ಬರುತ್ತದೆ, ಹಾಗಾಗಿ 12ರ ಬದಿಯಲ್ಲಿ ಎರಡು ಕಿವಿ ಒಂದರ ಮೇಲೊಂದು ಬೀಳದೆ ಕೂರುತ್ತವೆ. ಜೋಡಣೆಯೇ ಇಲ್ಲ, ಸೋರುವ ಜಾಗವೇ ಇಲ್ಲ. ಕಿವಿ ಬಿಚ್ಚದ ಹಾಗೆ ಅಂಚಿನ ಹತ್ತಿರ, ನೀರು ನಿಲ್ಲುವ ಮಟ್ಟಕ್ಕಿಂತ ಮೇಲೆ, ಒಂದೊಂದು ರಿವೆಟ್ ಸಾಕು. ಸಾಮಾನ್ಯ ಪಾಪ್ ರಿವೆಟ್ ಒಳಗೆ ಟೊಳ್ಳು, ನೀರಿನ ಮಟ್ಟಕ್ಕಿಂತ ಕೆಳಗೆ ಹಾಕಿದರೆ ಅದರೊಳಗಿಂದಲೇ ಜಿನುಗುತ್ತದೆ. ಇದನ್ನೂ ಓದುಗರಿಗೆ ಹೇಳಿ.

ತಗಡಿನ ದಪ್ಪವನ್ನು ಮಿಲಿಮೀಟರ್‌ನಲ್ಲೇ ಕೊಡಿ, ಗೇಜ್ ನಂಬರ್ ನಂಬಬೇಡಿ. ಅಮೆರಿಕದ ಪಟ್ಟಿಯಲ್ಲಿ 20 ಗೇಜ್ ಕಬ್ಬಿಣದ ತಗಡು ಸುಮಾರು 0.91 ಮಿ.ಮೀ., ಅದೇ 20 ಗೇಜ್ ಅಲ್ಯುಮಿನಿಯಂ ಸುಮಾರು 0.81 ಮಿ.ಮೀ.

ಭಾಷೆಯ ಬಗ್ಗೆ ಒಂದು ಮಾತು. ತಗಡನ್ನು ‘ಲೋಹಫಲಕ’ ಅಂತ, ರಿವೆಟ್ಟನ್ನು ‘ಕೀಲಕ’ ಅಂತ ಬರೆದಿದ್ದೀರಿ. ಅಂಗಡಿಗೆ ಹೋಗಿ ಹೀಗೆ ಕೇಳಿದರೆ ಯಾರು ಕೊಡುತ್ತಾರೆ? ತಗಡು, ಅರ, ಕತ್ತರಿ, ಕೊಡತಿ, ರಿವೆಟ್ ಅಂತಲೇ ಬರೆಯಿರಿ. ಬೆಟ್ಟ, ಮಂಜು, ಹಕ್ಕಿಗಳ ಮೊದಲ ನಾಲ್ಕು ಪ್ಯಾರಾ ತೆಗೆದುಬಿಡಿ. ಆ ಜಾಗದಲ್ಲಿ, ಕತ್ತರಿಸಿದ ಅಂಚನ್ನು ಅರದಿಂದ ಉಜ್ಜುವುದನ್ನು ವಿವರವಾಗಿ ಹೇಳಿ. ಈಗ ಅದು ಲೇಖನದಲ್ಲಿ ಎಲ್ಲೂ ಇಲ್ಲ, ತಗಡಿನ ಅಂಚು ಚೂರಿಯ ಹಾಗೆ ಕೊಯ್ಯುತ್ತದೆ. ಟೆಂಟಿನ ಒಳಗೆ ಒಲೆ ಹಚ್ಚಬಾರದು, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ ಅನ್ನೋದನ್ನು ಒಲೆಯ ಭಾಗದ ಮೊದಲಲ್ಲೇ ಹಾಕಿ.

ಹೊಸ ಪಾತ್ರೆ ಮಾಡಿದ ಮೇಲೆ ಮತ್ತೆ ನೀರು ತುಂಬಿ ರಾತ್ರಿಯಿಡೀ ಪೇಪರ್ ಮೇಲೆ ಇಡಿ. ಬೆಳಿಗ್ಗೆ ಆ ಪೇಪರಿನ ಫೋಟೋ ತೆಗೆದು ಲೇಖನದ ಜೊತೆ ಕಳಿಸಿ. ಒದ್ದೆಯಾಗಿದ್ದರೂ ಕಳಿಸಿ.

ನಿಮ್ಮ,
ಸಂಪಾದಕ